ಸಂಕಮ್ಮನ ಬಲಗೈ: ಹಾಸನದಲ್ಲಿ ನೋಡಿದ ಒಂದು ನೃತ್ಯರೂಪಕ

ಬಲಗೈ ಭಾಷೆ ಕೊಡು, ಅಂದರೆ ಬಲಗೈ ನೀಡಿ ಆಣೆ ಮಾಡು, ಎಂದು ಗಂಡ ನೀಲೇಗೌಡ ಅಂಗೈ ಚಾಚಿ ನಿಂತಾಗ, ಸಂಕಮ್ಮನ ಪಾತ್ರ ವಹಿಸಿದ್ದ ಕಲಾವಿದೆ ತಮ್ಮ ಬಲಗೈಯನ್ನು ಮುಷ್ಟಿಮಾಡಿ ಬೆನ್ನ ಹಿಂದಕ್ಕೆ ಒಯ್ದರು. ಆ ದೃಶ್ಯ ಮುಗಿಯುವವರೆಗೆ, ಅಂದರೆ ಹತ್ತು ಹನ್ನೆರಡು ನಿಮಿಷಗಳ ಕಾಲ, ಆ ಕೈ ಮುಂದಕ್ಕೆ ಬರಲೇ ಇಲ್ಲ. ಭರತನಾಟ್ಯದಲ್ಲಿ ಪಳಗಿದ ದೇಹಕ್ಕೆ ಎರಡು ಕೈಗಳೇ ನಾಲಿಗೆ. ಅದರಲ್ಲಿ ಒಂದನ್ನು ಬಚ್ಚಿಟ್ಟುಕೊಂಡ ಮೇಲೆ ಆಕೆ ಎಡಗೈಯಿಂದ, ಕಣ್ಣಿನಿಂದ, ನಿಂತ ನೆಲವನ್ನು ಬಿಟ್ಟುಕೊಡದ ಪಾದಗಳಿಂದ ಮಾತ್ರ ಗಂಡನಿಗೆ ಉತ್ತರ ಹೇಳಬೇಕಾಯಿತು. ಗಂಡ ಮೊದಲು ಲಲ್ಲೆಗರೆದ, ಆಮೇಲೆ ಗದರಿದ, ಕೊನೆಗೆ ಸುತ್ತ ನೆರೆದ ಕುಲದವರ ಮುಖ ನೋಡಿ ಕುದ್ದುಹೋದ. ಅವಳ ಮುಷ್ಟಿ ಮಾತ್ರ ಬಿಚ್ಚಲಿಲ್ಲ. ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಹಾಸನದಲ್ಲಿ ಹಲವು ವರ್ಷಗಳಿಂದ ನೃತ್ಯ ಕಾರ್ಯಕ್ರಮಗಳನ್ನು ತಪ್ಪದೆ ನೋಡುತ್ತ ಬಂದಿರುವ ನನಗೆ ಇಷ್ಟು ನಿಶ್ಶಬ್ದವಾದ, ಇಷ್ಟು ತುಂಬಿದ ಇನ್ನೊಂದು ಗಳಿಗೆ ನೆನಪಾಗುತ್ತಿಲ್ಲ.

ಮೈಸೂರು ಕಡೆಯ ನೃತ್ಯತಂಡವೊಂದು ಈ ಸಾಲಿನ ತನ್ನ ಪ್ರದರ್ಶನಗಳ ಸರಣಿಯನ್ನು ಕಳೆದ ಶನಿವಾರ ನಮ್ಮ ಊರಿನಲ್ಲಿ ಮುಗಿಸಿತು. ಕೊನೆಯ ಪ್ರದರ್ಶನಕ್ಕೆ ಅವರು ಆರಿಸಿಕೊಂಡ ವಸ್ತು ಮಲೆ ಮಾದೇಶ್ವರ ಎಂಬ ಜನಪದ ಕಾವ್ಯದ ಸಂಕಮ್ಮನ ಸಾಲು, ಅಂದರೆ ಅವಳ ಕಥೆಯ ಭಾಗ. ರಂಗದ ಎಡಕ್ಕೆ ವೀಣೆ, ಪಿಟೀಲು, ಕೊಳಲು, ಮೃದಂಗ, ಘಟಗಳ ಕರ್ನಾಟಕ ಸಂಗೀತದ ವಾದ್ಯವೃಂದ. ಬಲಕ್ಕೆ ಕಂಬಳಿಯ ಮೇಲೆ ಕಂಸಾಳೆ ಎಂಬ ಕಂಚಿನ ತಾಳ ಹಿಡಿದು ಕುಳಿತ ಮೂವರು ದೇವರಗುಡ್ಡರು. ನಡುವೆ ಹದಿನಾರು ಮಂದಿ ನರ್ತಕರು. ಕರಪತ್ರದಲ್ಲಿ ಇದನ್ನು ‘ಬ್ಯಾಲೆ’ ಎಂದು ಕರೆದಿದ್ದರು. ಶಾಸ್ತ್ರೀಯ ಸಂಗೀತವನ್ನೂ ಕಾಡಿನ ಜನರ ಕಥನವನ್ನೂ ಒಂದೇ ರಂಗದಲ್ಲಿ ಕೂರಿಸುವ ಆಸೆ ಅದರ ಹಿಂದಿತ್ತು. ಆ ಆಸೆ ಎಲ್ಲಿ ಕೈಗೂಡಿತು, ಎಲ್ಲಿ ಕೈತಪ್ಪಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಈ ಕೆಲಸ ಅಷ್ಟು ಗಮನಕ್ಕೆ ಯೋಗ್ಯವಾಗಿದೆ.

ಕಥೆ ತಿಳಿಯದವರಿಗಾಗಿ ಒಂದೆರಡು ಮಾತು. ಈಗಿನ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿರುವ ಮಾದೇಶ್ವರನ, ಅಂದರೆ ಮಾದಪ್ಪನ ಬೆಟ್ಟವನ್ನು ಹಾಡುಗಾರರು ಎಪ್ಪತ್ತೇಳು ಮಲೆ ಎಂದು ಕರೆಯುತ್ತಾರೆ. ದೇವರಗುಡ್ಡರೆಂಬ ಈ ಹಾಡುಗಾರರು ಮಾದೇಶ್ವರನ ಹೆಸರಿನಲ್ಲಿ ದೀಕ್ಷೆ ಪಡೆದವರು. ರಾತ್ರಿಯಿಡೀ ಹಾಡುತ್ತ, ನಡುನಡುವೆ ಮಾತಿನಲ್ಲಿ ನಿರೂಪಿಸುತ್ತ, ಕಾವ್ಯವನ್ನು ಸಾಲು ಸಾಲಾಗಿ ಬಿಡಿಸುತ್ತ ಹೋಗುತ್ತಾರೆ. ಇದಕ್ಕೆ ‘ಕಥೆ ಮಾಡುವುದು’ ಎಂದೇ ಹೆಸರು. ಸಂಕಮ್ಮನ ಸಾಲಿನಲ್ಲಿ ನೀಲೇಗೌಡ ಕುಲದವರೊಂದಿಗೆ ಬೇಟೆಗೂ ಹೆಜ್ಜೇನಿಗೂ ಹೊರಡುವ ಮುನ್ನ, ತಾನಿಲ್ಲದಾಗ ನಡತೆ ತಪ್ಪುವುದಿಲ್ಲವೆಂದು ಹೆಂಡತಿಯಿಂದ ಬಲಗೈ ಭಾಷೆ ಕೇಳುತ್ತಾನೆ. ಆಕೆ ಕೊಡುವುದಿಲ್ಲ. ತಪ್ಪು ಮಾಡದವಳು ಭಾಷೆ ಕೊಟ್ಟರೆ ಅನುಮಾನಕ್ಕೇ ಒಪ್ಪಿಗೆ ಕೊಟ್ಟಂತೆ ಎಂಬುದು ಅವಳ ನಿಲುವು. ಅವನು ಅವಳನ್ನು ಕಟ್ಟಿಹಾಕಿ ಕಾಡಿಗೆ ಹೋಗುತ್ತಾನೆ. ಮಾದಪ್ಪ ಜಂಗಮನ ವೇಷದಲ್ಲಿ ಭಿಕ್ಷಕ್ಕೆ ಬಂದು ಅವಳನ್ನು ಬಿಡಿಸಿ ಮಕ್ಕಳ ವರ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಎಂಬ ಆ ಮಕ್ಕಳ ಸುದ್ದಿ ತಿಳಿದ ಗಂಡ ಮರಳಿ ಬಂದು ಮತ್ತೆ ಅನುಮಾನದಿಂದ ಪರೀಕ್ಷೆಗೊಡ್ಡುತ್ತಾನೆ. ಹಾಡುವವರ ಬಾಯಿಂದ ಬಾಯಿಗೆ ವಿವರಗಳು ಬದಲಾಗುತ್ತವೆ. ಆ ಕಾಡಿನ ಬುಡಕಟ್ಟಿನವರಾದ ಸೋಲಿಗರ ಪಾಲಿಗೆ ಕಾರಯ್ಯ ಬರಿಯ ಕಥೆಯ ಪಾತ್ರವಲ್ಲ, ಅವರ ಹುಟ್ಟಿನ ನೆನಪಿನೊಂದಿಗೆ ಬೆಸೆದುಕೊಂಡ ದೇವರು.

ನನ್ನ ಪಕ್ಕದಲ್ಲಿ ಕುಳಿತಿದ್ದವರು ನಮ್ಮ ಬೀದಿಯ ಹಿರಿಯರು. ಅವರ ಹುಟ್ಟೂರು ಕೊಳ್ಳೇಗಾಲದ ಕಡೆ. ಬಾಲ್ಯದಲ್ಲಿ ಅಂಗಳದಲ್ಲಿ ಕಂಬಳಿ ಹೊದ್ದು ಕುಳಿತು ಈ ಕಥೆಯನ್ನು ಎಷ್ಟೋ ಸಲ ಕೇಳಿದವರು. ಭಾಷೆಯ ದೃಶ್ಯ ಆರಂಭವಾದಾಗ ಅವರು ನನ್ನ ಕಡೆ ಬಾಗಿ, “ಮೇಷ್ಟ್ರೇ, ನಮ್ಮೂರಲ್ಲಿ ಕಥೆ ಈ ಜಾಗಕ್ಕೆ ಬರೋ ಹೊತ್ತಿಗೆ ಮೊದಲನೇ ಕೋಳಿ ಕೂಗಿರೋದು” ಎಂದರು. ಇಲ್ಲಿ ಆಗಿನ್ನೂ ಏಳು ಮುಕ್ಕಾಲು ಗಂಟೆ. ಒಂದು ರಾತ್ರಿಯ ಕಥೆಯನ್ನು ಎರಡು ಗಂಟೆಗೆ ಇಳಿಸುವಾಗ ಏನನ್ನು ಉಳಿಸಿಕೊಳ್ಳುತ್ತೇವೆ ಎಂಬುದೇ ಇಂಥ ಪ್ರಯೋಗಗಳ ನಿಜವಾದ ಕಷ್ಟ. ಈ ತಂಡ ಮೊದಲಾರ್ಧದಲ್ಲಿ ಕಥೆಗಾರನ ಉಸಿರನ್ನು ಉಳಿಸಿಕೊಂಡಿತ್ತು. ಉತ್ತರಾರ್ಧದಲ್ಲಿ ಬರಿಯ ಘಟನೆಗಳನ್ನು ಉಳಿಸಿಕೊಂಡಿತು. ಎರಡರ ನಡುವಿನ ವ್ಯತ್ಯಾಸ ಹಿಂದಿನ ಸಾಲಿನಲ್ಲಿ ಕುಳಿತವರಿಗೂ ತಿಳಿಯುವಷ್ಟು ಸ್ಪಷ್ಟವಾಗಿತ್ತು.

ಸಂಗೀತದ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಹಾಸನ ಜಿಲ್ಲೆಯ ಕೇಳುಗರಿಗೆ ಈ ವಿಷಯದಲ್ಲಿ ಕಿವಿಯಿದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಂಡೆಯ ಸಣ್ಣ ಊರು. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರಿಂದ ಹಿಡಿದು ರುದ್ರಪಟ್ಟಣ ಸಹೋದರರವರೆಗೆ ಎಷ್ಟೊಂದು ವಿದ್ವಾಂಸರನ್ನು ಅದು ನಾಡಿಗೆ ಕೊಟ್ಟಿತು. ಸಭಾಂಗಣದಲ್ಲಿ ಆ ಕಡೆಯಿಂದ ಬಂದ ರಸಿಕರೂ ಇದ್ದರು. ಇಂಥವರ ಮುಂದೆ ದೇವರಗುಡ್ಡರ ಹಾಡನ್ನೂ ರಾಗಸಂಗೀತವನ್ನೂ ಹೊಂದಿಸುವುದು ಸುಲಭದ ಮಾತಲ್ಲ. ಗುಡ್ಡರ ಧಾಟಿ ಐದಾರು ಸ್ವರಗಳೊಳಗೇ ಸುತ್ತುತ್ತದೆ, ತಾರಸ್ಥಾಯಿಯ ಷಡ್ಜವನ್ನು ಬಯಸುವುದಿಲ್ಲ. ಲಯವೂ ಮಾತಿಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ.

ಸಂಗೀತ ಸಂಯೋಜಕರು ಇದನ್ನು ಬಹಳ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ಅವರು ಹಂಸಧ್ವನಿ, ಮೋಹನಗಳಂಥ ಹೊಳಪಿನ ರಾಗಗಳ ಕಡೆ ಹೋಗದೆ, ನಾದನಾಮಕ್ರಿಯೆ, ಪುನ್ನಾಗವರಾಳಿ, ಕುರಂಜಿಗಳನ್ನು ಹಿಡಿದುಕೊಂಡರು. ಮೊದಲೆರಡು ನಿಷಾದಕ್ಕಿಂತ, ಕುರಂಜಿ ಧೈವತಕ್ಕಿಂತ ಮೇಲೆ ಏರದ ಈ ನಿಷಾದಾಂತ್ಯ, ಧೈವತಾಂತ್ಯ ರಾಗಗಳು ಜನಪದ ಧಾಟಿಗಳ ನೆರೆಹೊರೆಯವು ಎಂಬುದು ಸಂಗೀತ ಬಲ್ಲವರಿಗೆ ಗೊತ್ತು. ಇವನ್ನು ಹಾಡುವಾಗ ಮಧ್ಯಮ ಶ್ರುತಿ ಇಟ್ಟುಕೊಳ್ಳುವ ರೂಢಿಯೂ ಇದೆ. ಗುಡ್ಡರು ಕಥೆ ಎತ್ತಿಕೊಳ್ಳುವ ಮೊದಲು ತಂಬೂರಿಯ ಪಂಚಮದ ತಂತಿಯನ್ನು ಎಲ್ಲರೆದುರೇ ಮಧ್ಯಮಕ್ಕೆ ಇಳಿಸಿಕೊಂಡದ್ದು ನನಗೆ ಬಹಳ ಹಿಡಿಸಿತು. ಶಾಸ್ತ್ರೀಯ ಸಂಗೀತ ಕಥೆಗಾರನ ಮನೆಗೆ ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ ಕಂಡಿತು. ಪುನ್ನಾಗವರಾಳಿಯ ಆಲಾಪನೆ ಪಿಟೀಲಿನಲ್ಲಿ ಮೆಲ್ಲಗೆ ಏಳುತ್ತಿದ್ದಂತೆ ಹಿರಿಯ ಗುಡ್ಡರು ಅದೇ ಸ್ವರದ ಅಂಚಿನಿಂದ ಪದ ಎತ್ತಿದರು. ಎಲ್ಲಿ ರಾಗ ಮುಗಿಯಿತು, ಎಲ್ಲಿ ಧಾಟಿ ಶುರುವಾಯಿತು ಎಂದು ಗೆರೆ ಎಳೆಯುವುದು ಸಾಧ್ಯವಿರಲಿಲ್ಲ.

ಕಂಸಾಳೆಯನ್ನು ದೂರದಿಂದ ನೋಡಿದವರಿಗೆ ಅದೊಂದು ಸದ್ದಿನ ತಾಳದಂತೆ ಕಾಣಬಹುದು. ಬಟ್ಟಲಿನ ಆಕಾರದ ಕಂಚಿನ ತಾಳವೊಂದು ಎಡಗೈಯಲ್ಲಿ, ದಾರ ಕಟ್ಟಿದ ಚಪ್ಪಟೆಯ ಇನ್ನೊಂದು ಬಲಗೈಯಲ್ಲಿ. ಬೀಸು ಕಂಸಾಳೆಯ ಅಬ್ಬರವನ್ನು ನಾವು ದಸರಾ ಮೆರವಣಿಗೆಗಳಲ್ಲಿ ನೋಡಿದ್ದೇವೆ. ಕಥೆ ಮಾಡುವವರ ಕಂಸಾಳೆ ಬೇರೆಯೇ ಬಗೆಯದು: ಅದು ಪಿಸುಗುಟ್ಟಬಲ್ಲದು, ಒಂದು ಸಾಲಿನ ಕೊನೆಗೆ ನಿಂತು ಕಾಯಬಲ್ಲದು, ಸೊಲ್ಲು ಹಿಡಿಯುವವರಿಗೆ ದಾರಿ ತೋರಿಸಬಲ್ಲದು. ಭಾಷೆಯ ದೃಶ್ಯದಲ್ಲಿ ಮೃದಂಗ ಸಂಪೂರ್ಣ ಮೌನವಾಗಿತ್ತು. ನೀಲೇಗೌಡ ಒಮ್ಮೊಮ್ಮೆ ಕೈ ಚಾಚಿದಾಗಲೂ ಕಂಸಾಳೆಯ ಒಂದೇ ಒಂದು ತಟ್ಟು. ಉಳಿದಂತೆ ಹಿರಿಯ ಗುಡ್ಡರ ಮಾತು. ಅವರು ಎಷ್ಟು ಹೊತ್ತು ನಿಲ್ಲಿಸುತ್ತಾರೋ ಅಷ್ಟು ಹೊತ್ತು ನರ್ತಕಿಯೂ ನಿಂತರು. ಆ ದಿನ ಅವರು ಒಂದು ಸಾಲನ್ನು ಮೂರು ಸಲ ತಿರುಗಿಸಿ ಹೇಳಿದರು, ನರ್ತಕಿ ಮೂರು ಸಲವೂ ಬೇರೆ ಬೇರೆಯಾಗಿ ಕೇಳಿಸಿಕೊಂಡರು. ತಾಲೀಮಿನಲ್ಲಿ ಇದನ್ನು ಅಳತೆಮಾಡಿ ಕೂರಿಸಿರಲಾರರು. ಕಥೆ ಹೇಳುವವನಿಗೆ ಕಾಲದ ಯಜಮಾನಿಕೆ ಕೊಟ್ಟು ನೃತ್ಯ ಅವನ ಹಿಂದೆ ನಡೆದಾಗ ಏನಾಗುತ್ತದೆ ಎಂಬುದಕ್ಕೆ ಆ ದೃಶ್ಯವೇ ಸಾಕ್ಷಿ.

ನೃತ್ಯ ಸಂಯೋಜನೆಯಲ್ಲಿ ಮಂಡಿ ಬಾಗಿಸಿ ನಿಲ್ಲುವ ಅರೆಮಂಡಿಯನ್ನು ಬಿಡದೆ, ಅಡವುಗಳೆಂಬ ಹೆಜ್ಜೆಗಳ ಬಿಗಿಯನ್ನು ಸಡಿಲಿಸಿದ್ದರು. ಕಾಡಿನ ಹೆಣ್ಣನ್ನು ತೋರಿಸಬೇಕೆಂದರೆ ಎಲೆಯ ಉಡುಗೆ, ಕುಣಿಕುಣಿದು ಬರುವ ನಡಿಗೆ ಎಂಬ ಹಳೆಯ ಚಾಳಿಯಿಂದ ಅವರು ದೂರ ಉಳಿದದ್ದಕ್ಕೆ ಅಭಿನಂದಿಸಬೇಕು. ಸಂಕಮ್ಮ ಸಾದಾ ಮೊಣಕಾಲುದ್ದದ ಸೀರೆಯುಟ್ಟು, ಒಂದೇ ಸರ ಹಾಕಿಕೊಂಡು ಬಂದರು. ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರ ನಡುವೆ ಬಿಲ್ಲು ಹಿಡಿದ ಬೇಟೆಗಾರ್ತಿಯ ವಿಗ್ರಹವೂ ಇದೆ. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ ಶಿಲ್ಪಿಗಳು ಕಾಡಿನ ಹೆಣ್ಣಿಗೂ ದರ್ಪಣ ಸುಂದರಿಯಷ್ಟೇ ಕುಸುರಿಯ ಒಡವೆ ತೊಡಿಸಿದರು. ನೃತ್ಯರಂಗ ಬಹಳ ಕಾಲ ಅದೇ ದಾರಿಯಲ್ಲಿ ನಡೆಯಿತು. ಒಡವೆ ಕಳಚಿದ ಮೇಲೂ ಮೈ ಮೂರು ಕಡೆ ಬಾಗಿದ ಅದೇ ತ್ರಿಭಂಗಿ ಎಷ್ಟು ಘನವಾಗಿ ನಿಲ್ಲುತ್ತದೆಂದು ನೋಡಲು ನನಗೆ ಈ ಸಂಜೆ ಸಿಕ್ಕಿತು.

ಹೆಜ್ಜೇನಿನ ದೃಶ್ಯಕ್ಕೆ ಸಭೆ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ತಟ್ಟಿತು. ಬಿದಿರಿನ ಏಣಿಗಳು, ಬೆರಳುಗಳನ್ನು ಅದುರಿಸುತ್ತ ಜೇನ್ನೊಣಗಳಾಗಿ ಮುತ್ತುವ ಹತ್ತು ಮಂದಿ, ಮೂರು ಮೂರರ ಎಣಿಕೆಯ ತಿಶ್ರ ನಡೆಯಲ್ಲಿ ಏರುತ್ತ ಹೋಗುವ ಜತಿಗಳು ಎಲ್ಲವೂ ಕಣ್ಣಿಗೆ ಹಬ್ಬ. ನನ್ನ ಅಭಿಪ್ರಾಯದಲ್ಲಿ ಅದು ಬೇಕಾದ್ದಕ್ಕಿಂತ ದುಪ್ಪಟ್ಟು ಉದ್ದವಾಯಿತು. ಕಟ್ಟಿಹಾಕಿದ ಸಂಕಮ್ಮನನ್ನು ರಂಗದ ಮೂಲೆಯಲ್ಲಿ ಕತ್ತಲಲ್ಲಿ ಬಿಟ್ಟು ಇಷ್ಟು ಹೊತ್ತು ಸಂಭ್ರಮಿಸಬಾರದಿತ್ತು.

ವಿರಾಮದ ನಂತರದ ಭಾಗದ ಬಗ್ಗೆ ನೋವಿನಿಂದಲೇ ಬರೆಯುತ್ತೇನೆ. ಮಾದಪ್ಪನ ಪ್ರವೇಶಕ್ಕೆ ಹೊಗೆ ಎಬ್ಬಿಸುವ ಯಂತ್ರ, ನೀಲಿ ಬೆಳಕು, ಮೊದಲೇ ಧ್ವನಿಮುದ್ರಿಸಿಟ್ಟ ಗಂಭೀರ ಕೋರಸ್. ಹುಲಿವಾಹನನಾಗಿ ಆತ ಕಾಣಿಸಿಕೊಂಡ ಕೂಡಲೇ ತಿಲ್ಲಾನದ ಮಾದರಿಯ ಸಮೂಹ ನೃತ್ಯ ಶುರುವಾಗಿ ಸುಮಾರು ಇಪ್ಪತ್ತು ನಿಮಿಷ ನಡೆಯಿತು. ಆ ಇಪ್ಪತ್ತು ನಿಮಿಷವೂ ಮೂವರು ಗುಡ್ಡರು ಕಂಸಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಭಕ್ತಿಯಿಂದ ಇಡೀ ಬದುಕನ್ನೇ ಯಾರ ಕಥೆ ಹೇಳಲು ಮುಡಿಪಾಗಿಟ್ಟರೋ ಆ ದೇವರು ರಂಗಕ್ಕೆ ಬಂದಾಗ ಅವರ ಬಾಯಲ್ಲಿ ‘ಉಘೇ’ ಎಂಬ ಒಂದು ಜಯಕಾರ ಸಹ ಹೊರಡಿಸಲಿಲ್ಲ. ಜಂಗಮ ಭಿಕ್ಷೆ ಕೇಳುವ ಸಂದರ್ಭದಲ್ಲಿ ಸಂಕಮ್ಮನಿಗೂ ಅವನಿಗೂ ನಡೆಯುವ ಮಾತುಕತೆ ಗುಡ್ಡರ ಬಾಯಲ್ಲಿ ಎಷ್ಟು ತುಂಟತನದ್ದು, ಎಷ್ಟು ಮನೆಮಾತಿನದು ಎಂದು ನನ್ನ ಪಕ್ಕದ ಹಿರಿಯರು ಆಮೇಲೆ ದಾರಿಯಲ್ಲಿ ಹೇಳುತ್ತ ಬಂದರು. ರಂಗದ ಮೇಲೆ ಅದರ ಬದಲಿಗೆ ಪ್ರಾಸಬದ್ಧವಾದ ಹೊಸ ಸಾಹಿತ್ಯವಿತ್ತು. ದೇವರು ದೂರ ನಿಂತು ಅಭಯಹಸ್ತ ತೋರಿಸಿದ, ಅಷ್ಟೆ. ಗುಡ್ಡರು ಮತ್ತೆ ಹಾಡತೊಡಗಿದಾಗ ವಾದ್ಯವೃಂದದ ತಾಳಕ್ಕೆ ಅವರನ್ನು ಕಟ್ಟಿಹಾಕಿದ್ದರು. ಹಿರಿಯ ಗುಡ್ಡರು ಒಂದು ಸಾಲನ್ನು ಎಂದಿನಂತೆ ಹಿಗ್ಗಿಸಲು ಹೋಗಿ, ಮೃದಂಗದ ಮುಕ್ತಾಯ ಬಂದುಬಿಟ್ಟಿದ್ದರಿಂದ ನಡುವೆಯೇ ನುಂಗಿಕೊಂಡದ್ದು ಮುಂದಿನ ಸಾಲುಗಳಲ್ಲಿದ್ದ ನಮಗೆ ಚೆನ್ನಾಗಿ ಕಾಣಿಸಿತು.

ಈ ಸಮಸ್ಯೆ ಹೊಸದಲ್ಲ, ಬ್ಯಾಲೆ ಎಂಬ ಮಾತೂ ನಮಗೆ ಹೊಸದಲ್ಲ. ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಯಾಗಿ ಕಟ್ಟಿದಾಗ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ಹಿಮ್ಮೇಳಕ್ಕೆ ತಂದರು, ರಾತ್ರಿಯಿಡೀ ನಡೆಯುತ್ತಿದ್ದ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು, ಪಾತ್ರಧಾರಿಗಳ ಮಾತಾದ ಅರ್ಥಗಾರಿಕೆಯನ್ನು ಬಿಟ್ಟು ಹಾಡು, ಕುಣಿತಗಳನ್ನೇ ನೆಚ್ಚಿದರು. ಮಾತು ಹೋದರೆ ಯಕ್ಷಗಾನದ ಅರ್ಧ ಜೀವವೇ ಹೋಯಿತೆಂದು ವಾದಿಸಿದವರೂ ಇದ್ದಾರೆ, ಭಾಷೆ ತಿಳಿಯದ ಊರುಗಳಿಗೂ ಆ ಕಲೆ ತಲುಪಿತೆಂದು ಮೆಚ್ಚಿದವರೂ ಇದ್ದಾರೆ. ಕಾರಂತರು ತಿಳಿದೇ, ಒಂದು ನಿಲುವಿನಿಂದ ಮಾತನ್ನು ಬಿಟ್ಟರು. ಶನಿವಾರದ ರೂಪಕದ ಉತ್ತರಾರ್ಧದಲ್ಲಿ ಮಾತು ಹಾಗೆ ಹೋಗಲಿಲ್ಲ. ವೈಭವಕ್ಕೆ ಜಾಗ ಮಾಡಿಕೊಡುವ ಅವಸರದಲ್ಲಿ ಕೈಜಾರಿತು.

ದೂರದ ಇನ್ನೊಂದು ಉದಾಹರಣೆಯೂ ಇಲ್ಲಿ ಪ್ರಸ್ತುತವೆನಿಸುತ್ತದೆ. 1939ರಲ್ಲಿ ಆರಂಭವಾದ, ಕೆನಡಾದ ವಿನಿಪೆಗ್ ನಗರದ ರಾಯಲ್ ವಿನಿಪೆಗ್ ಬ್ಯಾಲೆ ಸಂಸ್ಥೆ 2014ರಲ್ಲಿ ‘ಗೋಯಿಂಗ್ ಹೋಮ್ ಸ್ಟಾರ್’ ಎಂಬ ಬ್ಯಾಲೆಯನ್ನು ರಂಗಕ್ಕೆ ತಂದಿತು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ವಸತಿ ಶಾಲೆಗಳಲ್ಲಿ ಕೂಡಿಹಾಕಿದ ಆ ದೇಶದ ಕರಾಳ ಇತಿಹಾಸ ಅದರ ವಸ್ತು. ಅಂಥ ಶಾಲೆಗಳಿಗೆ ಹೋದ ಮಕ್ಕಳ ಸಂಖ್ಯೆ ಸುಮಾರು 1,50,000. ಆ ಇತಿಹಾಸವನ್ನು ವಿಚಾರಿಸಲು ನೇಮಕವಾಗಿದ್ದ ಸತ್ಯ ಮತ್ತು ಸಾಮರಸ್ಯ ಆಯೋಗದ ಬೆಂಬಲವೂ ಈ ಕೃತಿಗಿತ್ತು. ಕ್ರಿಸ್ಟೋಸ್ ಹಾಟ್ಜಿಸ್ ಅವರ ಸಂಗೀತದಲ್ಲಿ ಸಿಂಫನಿ ಆರ್ಕೆಸ್ಟ್ರಾದ ಜೊತೆಗೆ, ದೊಡ್ಡ ಚರ್ಮವಾದ್ಯದ ಸುತ್ತ ಕುಳಿತು ಹಾಡುವ ಕ್ರೀ ಸಮುದಾಯದ ಗಾಯಕರ ದನಿಗಳಿವೆ, ಇನ್ಯುಯಿಟ್ ಗಾಯಕಿ ತಾನ್ಯಾ ಟಗಾಕ್ ಅವರ ಗಂಟಲ ಗಾಯನವಿದೆ. ನಾನು ಕೇಳಿರುವುದು ಧ್ವನಿಮುದ್ರಿಕೆಯನ್ನು ಮಾತ್ರ. ಅದರಲ್ಲಿ ಆ ದನಿಗಳು ಆರ್ಕೆಸ್ಟ್ರಾದ ಸಾಲಂಕೃತ ಹಿನ್ನೆಲೆಯಾಗಿ ಕೇಳಿಸುವುದಿಲ್ಲ, ಆರ್ಕೆಸ್ಟ್ರಾದೊಡನೆ ಜಗಳವಾಡುತ್ತವೆ, ಅದನ್ನು ನಿಲ್ಲಿಸುತ್ತವೆ. ಅಷ್ಟಾದರೂ, ಆ ಬ್ಯಾಲೆಗೆ ಕಥೆ ಒದಗಿಸಿದ ಲೇಖಕರ ಮೂಲನಿವಾಸಿ ಹಿನ್ನೆಲೆಯನ್ನೇ 2016ರಲ್ಲಿ ಅಲ್ಲಿನ ಜನ ಗಟ್ಟಿಯಾಗಿ ಪ್ರಶ್ನಿಸಿದರು. ಯಾರ ಕಥೆಯನ್ನು ಯಾರು ಹೇಳಬೇಕೆಂಬ ಆ ಪ್ರಶ್ನೆ ನಮ್ಮ ರಂಗಕ್ಕೂ ಬರಲೇಬೇಕು.

ಶನಿವಾರ ಅದು ಬಂದದ್ದು ಕೊನೆಯ ದೃಶ್ಯಕ್ಕೆ ಸ್ವಲ್ಪ ಮೊದಲು. ಸೋಲಿಗ ಸಮುದಾಯದ ನಾಲ್ವರು, ಇಬ್ಬರು ಹೆಂಗಸರು ಇಬ್ಬರು ಗಂಡಸರು, ರಂಗಕ್ಕೆ ಬಂದು ಗೊರುಕನ ಎಂಬ ತಮ್ಮ ಕುಣಿತದ ಹಾಡು ಹಾಡಿದರು. ‘ಗೊರು ಗೊರುಕ’ ಎಂಬ ಸೊಲ್ಲು ಸುತ್ತಿ ಸುತ್ತಿ ಬರುತ್ತಿದ್ದಂತೆ ಅವರು ಬಾಗಿ, ಕೈ ಬೀಸಿ, ಒಂದೇ ಹದದ ಹೆಜ್ಜೆಯಲ್ಲಿ ಸುತ್ತಿದರು. ವಾದ್ಯಗಳಿಲ್ಲ, ವಿಶೇಷ ಬೆಳಕಿಲ್ಲ. ಹದಿನಾರು ನರ್ತಕರು ಹಿಂದೆ ನೆಲದ ಮೇಲೆ ಕುಳಿತು ನೋಡಿದರು. ಆ ಕೂರಿಸುವಿಕೆ ಬಹಳ ಸೊಗಸಾದ, ಗೌರವದ ನಿರ್ಧಾರ. ಆದರೆ ನನ್ನ ಗಡಿಯಾರದ ಪ್ರಕಾರ ಅದು ಆರು ನಿಮಿಷದಲ್ಲಿ ಮುಗಿಯಿತು. ಕರಪತ್ರ ತಿರುವಿ ನೋಡಿದರೆ ನೃತ್ಯ ಸಂಯೋಜನೆ, ಸಂಗೀತ, ಬೆಳಕು, ವಸ್ತ್ರವಿನ್ಯಾಸ, ಪ್ರಸಾಧನ ಎಲ್ಲರ ಹೆಸರೂ ಇದೆ. ಗುಡ್ಡರನ್ನು ‘ಜನಪದ ಗಾಯನ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಸೋಲಿಗ ಹಾಡುಗಾರರು ‘ಸಹಕಾರ’ ಎಂಬ ತಲೆಬರಹದ ಕೆಳಗೆ, ಧ್ವನಿವರ್ಧಕದವರ ನಂತರ, ಹೆಸರಿಲ್ಲದೆ ಇದ್ದಾರೆ. ಕಥೆ ಅವರದು. ಇದನ್ನು ತಂಡದವರು ತಿದ್ದಿಕೊಳ್ಳಲು ಒಂದು ಪುಟ ಮರುಮುದ್ರಣ ಮಾಡಿದರೆ ಸಾಕು, ತಡಮಾಡಬಾರದು.

ನೋಡಹೋಗುವವರಿಗೆ ಉಪಯೋಗವಾಗುವ ಕೆಲವು ಸಂಗತಿಗಳು: ಟಿಕೆಟ್ ದರ 150 ಮತ್ತು 300 ರೂಪಾಯಿ ಇತ್ತು, ಮಕ್ಕಳಿಗೆ ಉಚಿತ. ಮುಖದ ಅಭಿನಯ ಬಹಳ ಇರುವುದರಿಂದ ಹೆಚ್ಚಿನ ದರದ ಆಸನಕ್ಕೆ ಕೊಟ್ಟ ಹಣ ವ್ಯರ್ಥವಾಗುವುದಿಲ್ಲ, ಆದರೆ ತೀರಾ ಮುಂದಿನ ಎರಡು ಸಾಲು ಬೇಡ; ಅಲ್ಲಿ ಹೊಗೆ ಕಣ್ಣಿಗೆ ಬರುತ್ತದೆ. ಆರೂವರೆಗೆಂದು ಹೇಳಿದ ಕಾರ್ಯಕ್ರಮ ಸನ್ಮಾನ, ಭಾಷಣಗಳ ನಂತರ ಏಳು ಗಂಟೆ ಹತ್ತು ನಿಮಿಷಕ್ಕೆ ಆರಂಭವಾಯಿತು. ಸಕಲೇಶಪುರ, ಚನ್ನರಾಯಪಟ್ಟಣಗಳಿಂದ ಬಂದಿದ್ದ ಕೆಲವು ಕುಟುಂಬಗಳು ಬಸ್ಸಿನ ಚಿಂತೆಯಿಂದ ಕೊನೆಯ ದೃಶ್ಯ ನೋಡದೆ ಎದ್ದುಹೋದವು. ಗುಡ್ಡರ ಮುಂದಿಟ್ಟ ಮೈಕು ಮೊದಲಾರ್ಧದಲ್ಲಿ ಎರಡು ಸಲ ಕೈಕೊಟ್ಟಿತು. ಎರಡು ಸಲವೂ ಹಿರಿಯ ಗುಡ್ಡರು ಮೈಕಿನ ಹಂಗಿಲ್ಲದೆ ಹಾಡಿದರು, ಹಿಂದಿನ ಸಾಲಿನವರೆಗೂ ಕೇಳಿಸಿತು.

ಎದ್ದುಹೋದವರು ಕಳೆದುಕೊಂಡ ಆ ಕೊನೆಯ ದೃಶ್ಯವನ್ನು ಹೇಳದಿದ್ದರೆ ಈ ಬರಹ ಅನ್ಯಾಯ ಮಾಡಿದಂತಾಗುತ್ತದೆ. ಪರೀಕ್ಷೆಗಳೆಲ್ಲ ಮುಗಿದು, ನೀಲೇಗೌಡ ತಲೆ ತಗ್ಗಿಸಿ, ಮೊದಲಿನಂತೆಯೇ ಅಂಗೈ ಚಾಚಿ ನಿಲ್ಲುತ್ತಾನೆ. ಈ ಸಲ ಕೇಳುವುದು ಭಾಷೆಯನ್ನಲ್ಲ, ಕ್ಷಮೆಯನ್ನು. ಸಂಕಮ್ಮನ ಬಲಗೈ ಬೆನ್ನ ಹಿಂದಿನಿಂದ ನಿಧಾನವಾಗಿ ಮುಂದೆ ಬಂದು, ಮುಷ್ಟಿ ಬೆರಳು ಬೆರಳಾಗಿ ಬಿಚ್ಚಿಕೊಂಡು, ಅವನ ಅಂಗೈಯನ್ನು ದಾಟಿ ಹೋಗಿ ಪಕ್ಕದಲ್ಲಿದ್ದ ಪುಟ್ಟ ಕಾರಯ್ಯನ ಕೈಯನ್ನು ಹಿಡಿಯಿತು. ನಾದನಾಮಕ್ರಿಯೆಯಲ್ಲಿ ವೀಣೆಯೊಂದೇ ನುಡಿಯುತ್ತಿತ್ತು, ಆಮೇಲೆ ಅದೂ ನಿಂತು ಹಿರಿಯ ಗುಡ್ಡರು ಮಂಗಳದ ಸಾಲನ್ನು ತಮ್ಮದೇ ಲಯದಲ್ಲಿ, ಯಾರೂ ಅವಸರಿಸದೆ, ಕೊನೆಯವರೆಗೆ ಹಾಡಿದರು. ಉತ್ತರಾರ್ಧದ ಇಪ್ಪತ್ತು ನಿಮಿಷಗಳಲ್ಲೂ ಅವರಿಗೆ ಇದೇ ಸ್ವಾತಂತ್ರ್ಯ ಸಿಕ್ಕಿದ್ದರೆ ಎಂದು ನನಗೆ ಆಗ ಅನ್ನಿಸಿತು.

ಮಳೆಗಾಲ ಕಳೆದ ಮೇಲೆ ಇದೇ ರೂಪಕವನ್ನು ಚಿಕ್ಕಮಗಳೂರಿಗೆ ಒಯ್ಯುವ ಯೋಚನೆ ಇದೆಯೆಂದು ತಂಡದವರು ವೇದಿಕೆಯಿಂದಲೇ ಹೇಳಿದರು. ಅಷ್ಟರಲ್ಲಿ ಹೊಗೆಯ ಯಂತ್ರವನ್ನೂ ಮುದ್ರಿತ ಕೋರಸ್ಸನ್ನೂ ಬಿಟ್ಟು, ಭಿಕ್ಷೆಯ ಮಾತುಕತೆಯನ್ನು ಗುಡ್ಡರಿಗೇ ಒಪ್ಪಿಸಿ, ಗೊರುಕನಕ್ಕೆ ಇನ್ನೊಂದು ಹತ್ತು ನಿಮಿಷ ಕೊಟ್ಟು ನೋಡಬೇಕೆಂದು ಅವರಲ್ಲಿ ನನ್ನ ವಿನಂತಿ. ಮುಂದಿನ ಸಾಲಿಗೆ ಹೊಸ ವಸ್ತು ಹುಡುಕುತ್ತಿದ್ದರೆ ನಮ್ಮ ಜಿಲ್ಲೆಯಲ್ಲೇ, ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ, ಹಕ್ಕಿಪಿಕ್ಕಿ ಬುಡಕಟ್ಟಿನ ಜನರಿದ್ದಾರೆ. ತಮ್ಮ ಮಾತಾದ ವಾಗ್ರಿಬೋಲಿಯಲ್ಲಿ ಅವರು ಹೇಳುವ ಕಥೆಗಳನ್ನು ಕೇಳಲು ನೃತ್ಯ ಸಂಯೋಜಕರು ಗೆಜ್ಜೆ, ನೋಟ್‌ಬುಕ್ಕು ಎಲ್ಲವನ್ನೂ ಮನೆಯಲ್ಲಿಟ್ಟು ಒಂದು ವಾರ ಅಲ್ಲಿ ಹೋಗಿ ಕುಳಿತುಕೊಳ್ಳಲಿ. ಚಿಕ್ಕಮಗಳೂರಿನ ಪ್ರದರ್ಶನದ ದಿನಾಂಕ ಗೊತ್ತಾದ ಕೂಡಲೇ ಎರಡು ಟಿಕೆಟ್ ತೆಗೆಸಬೇಕೆಂದು ಪಕ್ಕದ ಮನೆಯ ಹಿರಿಯರು ಈಗಾಗಲೇ ನನಗೆ ಹೇಳಿಟ್ಟಿದ್ದಾರೆ.